ಮಾವನವರ ಹೆಸರು ಗೀರಾದದ್ದು

ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ನಿಧಾನ. ನಾನೂ ನನ್ನ ಹೆಂಡತಿಯೂ ತಕರಾರಿಲ್ಲದೆ ಒಪ್ಪುವ ಸಂಗತಿ ಇದೊಂದೇ.

ನನ್ನ ಮಾವ ಕಾಳಾಚಾರ್ರು ಹಳೇಬೀಡಿನಲ್ಲಿ ಬಳಪದ ಕಲ್ಲು ಕೆತ್ತುವವರು. ಅವರು ಮೂರು ತಿಂಗಳು ಕೂತು ಮಾಡಿದ್ದ, ಕನ್ನಡಿ ಹಿಡಿದ ಬಾಲೆಯನ್ನು ಬೆಂಗಳೂರಿನ ಕಂಪನಿಯೊಂದರ ಇಂಜಿನಿಯರು ನಕಲಿಗೆಂದು ಒಯ್ದರು. ಅವರದೊಂದು ಯಂತ್ರವಂತೆ. ಬಾಲೆಯ ಆಕಾರವನ್ನೆಲ್ಲ ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಾರೆ. ತೊಟ್ಟಿಯ ತುಂಬ ಜೇನಿನಂಥ ದ್ರವ. ಲೇಸರ್ ಬೆಳಕು ಬಿದ್ದಷ್ಟು ಜಾಗ ಗಟ್ಟಿಯಾಗುತ್ತದೆ. ಒಂದು ಪದರವಾದರೆ ಅದನ್ನು ಹೊತ್ತ ತಟ್ಟೆ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ. ಮತ್ತೆ ಬೆಳಕು, ಮತ್ತೆ ಪದರ. ಒಂದು ದಿನದಲ್ಲಿ ಬಾಲೆ ಸಿದ್ಧ. ಮಾವ ಬೇಡದ್ದನ್ನು ಕೆತ್ತಿ ತೆಗೆಯುತ್ತಾರೆ, ಅದು ಬೇಕಾದ್ದನ್ನು ಕೂಡಿಸುತ್ತದೆ. ಇಲ್ಲಿಯವರೆಗೆ ನನಗೇನೂ ಸಿಟ್ಟಿಲ್ಲ.

ಅರಸೀಕೆರೆಯಲ್ಲಿ ನಕಲಿನ ಪ್ರದರ್ಶನ ಮುಗಿಸಿ ಇಂಜಿನಿಯರು ಎರಡೂ ಬಾಲೆಯರನ್ನು ಮಾವ ಕೆಲಸ ಮಾಡುವ ಕೊಟ್ಟಿಗೆಗೆ ತಂದರು. ನಕಲನ್ನು ತಿರುಗಿಸಿ ನೋಡಿದೆ. ಪೀಠ ನುಣ್ಣಗಿತ್ತು.

"ಅಲ್ಲೇನೋ ಗೀರುಗಳಿದ್ವು ಸಾರ್, ಕಂಪ್ಯೂಟರ್‌ನಲ್ಲೇ ಕ್ಲೀನ್ ಮಾಡ್ಬಿಟ್ಟೆ" ಎಂದರು ಇಂಜಿನಿಯರು, ಶಹಬ್ಬಾಸ್ ಬೇಡುವ ಮುಖದಲ್ಲಿ.

ಗೀರು! ಅದು ಹಳೆಯ ಶಾಸನದ ಲಿಪಿಯಲ್ಲಿ ಮಾವ ಕೊರೆದ ತಮ್ಮ ಹೆಸರು. ಬೇಲೂರಿನ ಶಿಲ್ಪಿಗಳು ವಿಗ್ರಹದ ಬುಡದಲ್ಲಿ ಹೆಸರು, ಊರು, ಬಿರುದು ಎಲ್ಲ ಕೊರೆದು, ಎದುರಾಳಿಗಳಿಗೆ ಸವಾಲನ್ನೂ ಹಾಕಿ ಹೋಗಿದ್ದಾರೆ. ರಾಜನೂ ಅವನ್ನು ಗೀರು ಎನ್ನಲಿಲ್ಲ. ಅರಸೀಕೆರೆಯ ಜನವೆಲ್ಲ ನೋಡಿದ್ದು ಹೆಸರಿಲ್ಲದ ಬಾಲೆಯನ್ನು, ಪಕ್ಕದಲ್ಲಿ ಕಂಪನಿಯ ಬೋರ್ಡನ್ನು. ನನ್ನ ಮೈ ಉರಿದುಹೋಯಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಇಂಜಿನಿಯರು ತಪ್ಪನ್ನು ಯಂತ್ರದ ಮೇಲೆ ಹಾಕಲು ನೋಡಿದರು.

ಮಾವ ನಕಲಿನ ಕಿವಿಯ ಹಿಂದೆ ಬೆರಳಾಡಿಸುತ್ತಿದ್ದರು.

"ನೋಡಿ ಅಳಿಯಂದ್ರೆ, ಇಲ್ಲಿ ನನ್ನ ಉಳಿ ಜಾರಿತ್ತು. ಯಾರ್ಗೂ ಕಂಡಿರ್ನಿಲ್ಲ. ಮಿಷಿನ್ನು ಅದ್ನೂ ಇದ್ದಂಗೇ ಮಾಡೈತೆ. ಅದ್ರದ್ದೇನೂ ತಪ್ಪಿಲ್ಲ. ನನ್ನ ತಪ್ಪು ಉಳಿಸ್ಕಂಡು ಹೆಸ್ರು ಒರೆಸಿರೋದು ಮನುಷ್ಯ."

ಇಂಜಿನಿಯರು ತಲೆ ತಗ್ಗಿಸಿದರು. ಮಾವ ನೆಲದ ಮೇಲೆ ತಮ್ಮ ಹೆಸರಿನ ನಾಲ್ಕು ಅಕ್ಷರ ಬರೆದು ತೋರಿಸಿ, ಸಣ್ಣ ಉಳಿಯನ್ನು ಅವರ ಕೈಗಿಟ್ಟರು. ನಕಲಿನ ಪೀಠದಲ್ಲಿ ಆ ನಾಲ್ಕು ಅಕ್ಷರ ಕೊರೆಯಲು ಆತ ಮೂರು ಗಂಟೆ ಬೆವರು ಸುರಿಸಿದರು. ನಾನು ಎದುರಿಗೇ ಕೂತು, ಸಂಕೋಚವಿಲ್ಲದೆ ಸಂತೋಷಪಟ್ಟೆ.

ಮುಗಿದ ಮೇಲೆ ಆತ, "ಪಕ್ಕದಲ್ಲಿ ನನ್ನ ಹೆಸ್ರೂ ಹಾಕ್ಲಾ?" ಎಂದು ಮೆಲ್ಲಗೆ ಕೇಳಿದರು. ಎಂಥ ಧೈರ್ಯ! ಕೂಡದು ಎನ್ನಲು ನಾನು ಬಾಯಿ ತೆರೆದೆ.

"ಹಾಕಿ ಸ್ವಾಮಿ" ಎಂದರು ಮಾವ, ಪೀಠವನ್ನು ಅವರತ್ತ ತಿರುಗಿಸುತ್ತ. "ಇದ್ನ ಮಾಡ್ದೋರು ನೀವಲ್ವಾ?"