ಚೆಲ್ಲದ ರಕ್ತ: ರಾಜಮತಿಯಮ್ಮನವರ ಹದಿನೆಂಟು ವರ್ಷ

ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳಲ್ಲಿ ಲ್ಯಾಬೊರೇಟರಿ ಎಂಬ ಮಾತನ್ನು ನೆಟ್ಟಗೆ ಉಚ್ಚರಿಸಬಲ್ಲವರು ಇಂದಿಗೂ ಬೆರಳೆಣಿಕೆಯಷ್ಟೇ ಇರಬಹುದು. ಆದರೆ ‘ರಕ್ತ ನೋಡುವ ಅಮ್ಮ’ ಎಂದರೆ ನೆರಿಯ ಗ್ರಾಮದ ಕಾಡಂಚಿನವರಿಂದ ಹಿಡಿದು ಮೂಡುಬಿದಿರೆಯ ಬಸದಿ ಬೀದಿಯವರ ತನಕ ಯಾರಿಗೂ ವಿವರಣೆ ಬೇಕಾಗುವುದಿಲ್ಲ. ಹದಿನೆಂಟು ವರ್ಷ ಒಂದೇ ಕೋಣೆಯಲ್ಲಿ, ಒಂದೇ ಕಿಟಕಿಯ ಬೆಳಕಿನಲ್ಲಿ ಕುಳಿತು ಎರಡು ತಾಲೂಕುಗಳ ಜನರ ಬೆರಳ ತುದಿ ಚುಚ್ಚಿ, ಅವರ ಒಳಗಿನ ಸಂಗತಿಯನ್ನು ಅವರಿಗೇ ಓದಿ ಹೇಳಿದ ಶ್ರೀಮತಿ ರಾಜಮತಿಯಮ್ಮನವರು ಐವತ್ತೈದು ತುಂಬಿ, ಈ ಮಾರ್ಚ್ ಮೂವತ್ತೊಂದಕ್ಕೆ ನಮ್ಮ ಬಂಟ್ವಾಳದ ಆಸ್ಪತ್ರೆಯಿಂದ ನಿವೃತ್ತರಾಗುತ್ತಿದ್ದಾರೆ.

ಅಭಿನಂದನ ಗ್ರಂಥದ ಪ್ರಸ್ತಾಪ ಹಿಡಿದುಕೊಂಡು ಹೋದ ಸಮಿತಿಯವರಿಗೆ ಅವರು ಮೊದಲು ಕಾಫಿ ಕೊಟ್ಟರು, ಆಮೇಲೆ ಷರತ್ತು ಹಾಕಿದರು. “ಹೊಗಳುವುದಾದರೆ ಹೊಗಳಿ, ನಾನು ಬೇಡ ಹೇಳುವುದಿಲ್ಲ. ಮುಂಡಪ್ಪನ ವಿಷಯವೂ ಅದರಲ್ಲಿ ಬರಬೇಕು. ಅದು ಇಲ್ಲದ ಪುಸ್ತಕಕ್ಕೆ ನನ್ನ ಹೆಸರು ಬೇಡ” ಎಂದರು. ಪಾಯಸಕ್ಕೆ ಉಪ್ಪು ಹಾಕುವವರುಂಟೇ ಎಂದು ಸಮಿತಿಯ ಹಿರಿಯರೊಬ್ಬರು ಗೊಣಗಿಕೊಂಡರು. ಅಮ್ಮ ಜಗ್ಗಲಿಲ್ಲ. ಅವರ ಬಳಿ ಕೆಲಸ ಕಲಿತವರಿಗೆ ಆ ಹಟದ ಪರಿಚಯವಿದೆ. ಆದ್ದರಿಂದ ಅವರು ಹೇಳಿದಂತೆಯೇ, ಅವರು ಹೇಳಿದಷ್ಟನ್ನೂ ಇಲ್ಲಿ ಬರೆದಿದೆ.

ಮೂಡುಬಿದಿರೆಯ ಹಳೆಯ ಜೈನ ಮನೆತನದಲ್ಲಿ ಹುಟ್ಟಿದ ರಾಜಮತಿಯಮ್ಮನವರು ಮೂವತ್ತಮೂರನೆಯ ವಯಸ್ಸಿಗೆ ಪತಿಯನ್ನು ಕಳೆದುಕೊಂಡರು. ಮನೆಯ ಮೂಲೆಯಲ್ಲಿ ಕುಳಿತು ಉಳಿದ ಆಯುಷ್ಯ ಕಳೆಯಲು ಮನಸ್ಸಾಗದೆ, ಮದ್ರಾಸಿಗೆ ಹೋಗಿ ರಕ್ತಪರೀಕ್ಷೆಯ ತರಬೇತಿ ಪಡೆದು, ಸಾವಿರದ ಒಂಬೈನೂರ ಐವತ್ತೊಂದರಲ್ಲಿ ನಮ್ಮ ಆಸ್ಪತ್ರೆಗೆ ಬಂದರು. ದೀಪ ಹಚ್ಚುವ ಮೊದಲೇ ಊಟ ಮುಗಿಸುವ, ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯದ ಮನೆ ಅದು. ಹೊರಡುವ ದಿನ ತಂದೆಯವರು ಜಗಲಿಯಲ್ಲಿ ಕುಳಿತು, “ರಕ್ತ ಚೆಲ್ಲುವ ಕಡೆ ನಮ್ಮವರಿಗೆ ಏನು ಕೆಲಸ ಮಗಳೇ?” ಎಂದು ಕೇಳಿದರಂತೆ. “ಚೆಲ್ಲುವ ಕೆಲಸ ಅಲ್ಲ ಅಪ್ಪ, ನೋಡುವ ಕೆಲಸ. ನನ್ನ ಕೈಯಿಂದ ಒಂದು ಹನಿಯೂ ಸುಮ್ಮನೆ ಚೆಲ್ಲುವುದಿಲ್ಲ” ಎಂದು ಇವರು ಮಾತು ಕೊಟ್ಟರು. ಆ ಮಾತನ್ನು ಅವರು ಹನ್ನೆರಡು ವರ್ಷ ಉಳಿಸಿಕೊಂಡರು. ಉಳಿಸಿಕೊಂಡದ್ದೇ ತಪ್ಪಾಯಿತು ಎಂದು ಅವರು ಈಗ ಹೇಳುತ್ತಾರೆ.

ಆ ಕಾಲದ ಸ್ಥಿತಿಯನ್ನು ಇಂದಿನ ಓದುಗರಿಗೆ ಸ್ವಲ್ಪ ಹೇಳಬೇಕು. ರಕ್ತದ ಬಲ ಅಳೆಯಲು ಅವರ ಬಳಿ ಇದ್ದುದು ಗೆರೆ ಹಾಕಿದ ಒಂದು ಸಣ್ಣ ಗಾಜಿನ ಕೊಳವೆ. ಅದರಲ್ಲಿ ಆಮ್ಲದ ಜೊತೆ ಒಂದು ಹನಿ ರಕ್ತ ಬೆರೆಸಿ, ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಸರಿಹೊಂದುವ ತನಕ ನೀರನ್ನು ತೊಟ್ಟುತೊಟ್ಟಾಗಿ ಬಿಡುತ್ತಾ ಹೋಗಬೇಕು. ನೀರು ಎಷ್ಟು ಹಿಡಿಯಿತೋ ರಕ್ತ ಅಷ್ಟು ಗಟ್ಟಿ. ಹದಿಮೂರು, ಹದಿನಾಲ್ಕು ಇರಬೇಕಾದ ಕಡೆ ನಮ್ಮ ಗದ್ದೆ ತೋಟಗಳ ಹೆಂಗಸರದು ಆರು, ಐದು, ಒಮ್ಮೊಮ್ಮೆ ನಾಲ್ಕು. ಬರಿಗಾಲಿನಿಂದ ಏರಿದ ಕೊಕ್ಕೆಹುಳು ಹೊಟ್ಟೆಯಲ್ಲಿ ಕುಳಿತು ವರ್ಷಗಟ್ಟಲೆ ರಕ್ತ ಹೀರಿದರೆ ಇನ್ನೇನಾಗುತ್ತದೆ? ಅಂಥವರು ಹೆರಿಗೆಗೆ ಬಂದು ನಾಲ್ಕು ಬೊಗಸೆ ರಕ್ತ ಹೋದರೆ, ಬಿಳುಚಿದ ತುಟಿಯಲ್ಲಿ ನೀರು ಕೇಳುತ್ತಾ ಕೇಳುತ್ತಾ ತೀರಿಹೋಗುತ್ತಿದ್ದರು. ರಕ್ತದ ಬ್ಯಾಂಕು ಎಂಬುದು ನಮಗೆ ಪತ್ರಿಕೆಯಲ್ಲಿ ಓದುವ ವಿಷಯವಾಗಿತ್ತು. ರಾಜಮತಿಯಮ್ಮ ತಮ್ಮ ಕೋಣೆಯ ಬಾಗಿಲ ಹಿಂದೆ ಒಂದು ಪಟ್ಟಿ ಅಂಟಿಸಿದರು: ರಕ್ತ ಕೊಡಲು ಒಪ್ಪಿದವರ ಹೆಸರು, ರಕ್ತದ ಗುಂಪು, ಅವರು ಯಾವ ಬಸ್ಸಿನ ದಾರಿಯಲ್ಲಿದ್ದಾರೆ ಎಂಬುದು. ಬೇಕಾದಾಗ ಕಂಡಕ್ಟರನ ಕೈಯಲ್ಲಿ ಚೀಟಿ ಹೋಗುತ್ತಿತ್ತು, ಮರುಬಸ್ಸಿನಲ್ಲಿ ಜನ ಇಳಿಯುತ್ತಿದ್ದರು. ಕೊಟ್ಟವರಿಗೆ ಒಂದು ಎಳನೀರು, ಎರಡು ಬೇಯಿಸಿದ ಮೊಟ್ಟೆ. ಮೊಟ್ಟೆಯನ್ನು ಅಮ್ಮ ಮುಟ್ಟುತ್ತಿರಲಿಲ್ಲ. ಆದರೆ ತಪ್ಪದೆ ತರಿಸುತ್ತಿದ್ದರು, ಆಯಾ ಜುಲೈಕಾ ಸುಲಿದು ಕೊಡುತ್ತಿದ್ದಳು. “ಪಾಪ ನನಗೆ, ಪುಣ್ಯ ನಿಮಗೆ” ಎಂದು ಅವಳು ಚೇಷ್ಟೆ ಮಾಡಿದರೆ ಅಮ್ಮನಿಗೂ ನಗು ಬರುತ್ತಿತ್ತು.

ಆ ಪಟ್ಟಿಯಲ್ಲಿ ಐವತ್ತೇಳನೆಯ ಇಸವಿಯಲ್ಲಿ ಸೇರಿದ ಹೆಸರು ಮುಂಡಪ್ಪನದು. ಪುಂಜಾಲಕಟ್ಟೆಯ ವಿಧವೆ ಸೇಸಮ್ಮನ ಒಬ್ಬನೇ ಮಗ. ಬಂಟ್ವಾಳದ ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುವ ಕೆಲಸ. ಬೆಳಿಗ್ಗೆ ವ್ಯಾಯಾಮಶಾಲೆಯಲ್ಲಿ ಕಸರತ್ತು. ಇಪ್ಪತ್ತೆರಡು ವರ್ಷದ ಆ ಹುಡುಗನ ರಕ್ತ ಹದಿನಾಲ್ಕು ತೋರಿಸಿದಾಗ ರಾಜಮತಿಯಮ್ಮ ಕೊಳವೆಯನ್ನು ಕಿಟಕಿಗೆ ಹಿಡಿದು, ಬಂದ ಬಸುರಿಯರಿಗೆಲ್ಲ ತೋರಿಸಿದರು. “ನೋಡಿ, ರಕ್ತ ಎಂದರೆ ಇದು” ಎಂದರು. ಮೂಟೆ ಹೊರುವ ಬಲಗೈಯನ್ನು ಬಿಟ್ಟು ಎಡಗೈಯನ್ನೇ ಚಾಚುವುದು ಮುಂಡಪ್ಪನ ರೂಢಿಯಾಗಿತ್ತು.

ಅರವತ್ತನೆಯ ಇಸವಿಯಲ್ಲಿ ಅವನಿಗೆ ವಿಷಮಶೀತಜ್ವರ ಬಂದು ಎಲುಬಿನ ಗೂಡಾದ. ಮೈ ತುಂಬಿಕೊಳ್ಳಲೆಂದು ನಮ್ಮ ದೊಡ್ಡ ಡಾಕ್ಟರು, ಆಗಷ್ಟೇ ಬಂದಿದ್ದ ಗಂಡು ಹಾರ್ಮೋನಿನ ಎಣ್ಣೆ ಇಂಜೆಕ್ಷನ್ ಆರು ವಾರ ಕೊಡಿಸಿದರು. ಮುಂಡಪ್ಪ ಎದ್ದ, ಮೊದಲಿಗಿಂತ ದಪ್ಪನಾದ, ಮೂಟೆ ಒಂದು ಹೊರುವ ಕಡೆ ಎರಡು ಹೊತ್ತ. ಮಂಗಳೂರಿನ ದೇಹದಾರ್ಢ್ಯ ಸ್ಪರ್ಧೆಯ ಆಸೆ ಹುಟ್ಟಿದ್ದು ಆಗಲೇ. ಆರು ವಾರದ ಸೂಜಿಯನ್ನು ಅವನು ನಿಲ್ಲಿಸಲೇ ಇಲ್ಲ. ಮದ್ದಿನ ಅಂಗಡಿಯಿಂದ ತಂದು, ಪರಿಚಯದವನೊಬ್ಬನಿಂದ ಚುಚ್ಚಿಸಿಕೊಳ್ಳುತ್ತಿದ್ದ. ಇದು ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾಗಬೇಕಿತ್ತು. ಅರವತ್ತೊಂದರಲ್ಲಿ ಅವನ ರಕ್ತ ಹದಿನೇಳು ತೋರಿಸಿತು, ಮುಂದಿನ ವರ್ಷ ಹತ್ತೊಂಬತ್ತು, ಒಮ್ಮೆ ಇಪ್ಪತ್ತು. ರಾಜಮತಿಯಮ್ಮ ಕೊಳವೆ ತೊಳೆದು ಮತ್ತೆ ನೋಡಿದರು, ಆಮ್ಲ ಬದಲಿಸಿ ನೋಡಿದರು. ಐದು, ಆರರಲ್ಲಿಯೇ ಕಣ್ಣು ಪಳಗಿದವರಿಗೆ ಇಪ್ಪತ್ತು ಕಂಡರೆ ಅದು ರೋಗ ಎಂದು ಹೊಳೆಯುವುದು ಹೇಗೆ? ಹಸಿದ ಊರಿನಲ್ಲಿ ಅಜೀರ್ಣಕ್ಕೆ ಮದ್ದು ಯಾರು ಹುಡುಕುತ್ತಾರೆ? ಇದು ದೇವರು ಕೊಟ್ಟ ರಕ್ತ ಎಂದೇ ಅವರು ನಂಬಿದರು. ಮೂರು ತಿಂಗಳಿಗೊಮ್ಮೆ ಎಂಬ ನಿಯಮವನ್ನು ಅವನೊಬ್ಬನಿಗೆ ಸಡಿಲಿಸಿ ಒಂದೂವರೆ ತಿಂಗಳಿಗೊಮ್ಮೆ ಕರೆಸತೊಡಗಿದರು. ಅವನಾದರೋ ಕರೆಯುವ ಮೊದಲೇ ಬರುತ್ತಿದ್ದ. “ಕೊಟ್ಟರೆ ತಲೆ ಹಗುರ ಆಗ್ತದೆ ಅಮ್ಮ. ಇಲ್ಲದಿದ್ದರೆ ಹಣೆಯಲ್ಲಿ ಒನಕೆ ಕುಟ್ಟಿದ ಹಾಗೆ ಆಗ್ತದೆ” ಎನ್ನುತ್ತಿದ್ದ. ಅದನ್ನೂ ಅವರು ದಾನದ ಸಮಾಧಾನ ಎಂದು ತಿಳಿದರು.

ನೆರಿಯದ ನೀಲಾವತಿಯನ್ನು ನಾಲ್ಕು ಜನ ಕುರ್ಚಿಯಲ್ಲಿ ಹೊತ್ತು, ಆಮೇಲೆ ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿ ತಂದದ್ದು ಅರವತ್ತೆರಡರ ಆಷಾಢದಲ್ಲಿ. ಅವಳಿ ಮಕ್ಕಳು, ನಿಲ್ಲದ ಸ್ರಾವ, ಕೊಳವೆಯಲ್ಲಿ ನಾಲ್ಕೂವರೆ. ಗುಂಪು ಹೊಂದಿದ್ದು ಮುಂಡಪ್ಪನದೊಂದೇ. ಮಿಲ್ಲಿನಿಂದ ಓಡಿಬಂದ ಅವನ ಒಂದು ಬಾಟಲಿ ರಕ್ತ ಅವಳ ಮೈಗೆ ಇಳಿಯುತ್ತಾ ಇದ್ದಂತೆ ಅವಳ ಉಗುರಿಗೆ ಬಣ್ಣ ಬಂದುದನ್ನು ರಾಜಮತಿಯಮ್ಮ ಕೈ ಹಿಡಿದುಕೊಂಡೇ ನೋಡಿದರು. ಅವರ ಸೇವೆಯ ಅತ್ಯಂತ ಸುಖದ ದಿನ ಅದು. ಆ ಮಕ್ಕಳು ಈಗ ಶಾಲೆಗೆ ಹೋಗುತ್ತಿವೆ.

ಅರವತ್ತಮೂರರ ಜೂನ್ ತಿಂಗಳಲ್ಲಿ ಮುಂಡಪ್ಪ ಪೃಷ್ಠದಲ್ಲಿ ಕೀವುಗಟ್ಟಿದ ಗಡ್ಡೆಯೊಂದಿಗೆ ಬಂದ. ಕೀವನ್ನು ಪರೀಕ್ಷೆಗೆ ತೆಗೆಯುವಾಗ ಸುತ್ತಲೂ ಹಳೆಯ ಸೂಜಿಯ ಕಲೆಗಳು ಕಂಡವು. ರಾಜಮತಿಯಮ್ಮ ಬಿಡದೆ ಕೇಳಿದರು, ಅವನು ಎಲ್ಲವನ್ನೂ ಹೇಳಿದ. ತಾವು ದೇವರ ಕೊಡುಗೆ ಎಂದು ಬಸುರಿಯರಿಗೆ ತೋರಿಸಿದ್ದು ಮದ್ದಿನಂಗಡಿಯ ಸರಕು ಎಂದು ತಿಳಿದಾಗ ಅವರಿಗೆ ಬಂದದ್ದು ಕರುಣೆಯಲ್ಲ, ಸಿಟ್ಟು. ಬೆಳ್ಳಗಿದ್ದುದೆಲ್ಲ ಹಾಲೆಂದು ನಂಬಿಸಿದನಲ್ಲ ಎಂಬ ಸಿಟ್ಟು.

“ಗಂಡಸಿನ ಹಾರ್ಮೋನು ತುಂಬಿದ ರಕ್ತವನ್ನು ನಾನು ಬಾಣಂತಿಯರ ಮೈಗೆ ಬಿಟ್ಟೆನಾ ಮಾರಾಯ?” ಎಂದರು. “ಇನ್ನು ನಿನ್ನ ರಕ್ತ ಬೇಡ. ಸೂಜಿ ಬಿಟ್ಟು ಒಂದು ವರ್ಷ ಆದ ಮೇಲೆ ಬಾ.”

“ಡಿಸೆಂಬರಿಗೆ ಸ್ಪರ್ಧೆ ಉಂಟು ಅಮ್ಮ. ಅದೊಂದು ಮುಗಿದರೆ ಬಿಡ್ತೇನೆ. ಡಾಕ್ಟರಿಗೆ ಹೇಳಬೇಡಿ.”

“ಹೇಳುವುದಿಲ್ಲ. ನೀನು ಬಿಡು.”

ಅವನು ಬಾಗಿಲ ತನಕ ಹೋಗಿ ತಿರುಗಿ ಬಂದ. ಎಡಗೈಯ ಅಂಗಿಯ ತೋಳನ್ನು ಮೇಲೆ ಸರಿಸಿದ. “ಯಾರಿಗೂ ಕೊಡುವುದು ಬೇಡ ಅಮ್ಮ. ಸುಮ್ಮನೆ ತೆಗೆಯಿರಿ, ತೆಗೆದು ಚೆಲ್ಲಿ. ತಲೆ ಹಿಡಿದುಕೊಂಡು ಬಿಟ್ಟಿದೆ.”

“ರಕ್ತ ಇಲ್ಲದೆ ಇಲ್ಲಿ ಹೆಂಗಸರು ಸಾಯ್ತಾರೆ. ಚೆಲ್ಲಲಿಕ್ಕೆ ನಾನು ತೆಗೆಯುವುದಿಲ್ಲ” ಎಂದು ರಾಜಮತಿಯಮ್ಮ ಅವನ ಕೈಯನ್ನು ತಾವೇ ಹಿಡಿದು, ಅಂಗಿಯ ತೋಳನ್ನು ಕೆಳಗೆ ಎಳೆದು ಸರಿಮಾಡಿದರು. ಅವನು ಹೋದ ಮೇಲೆ ಬಾಗಿಲ ಹಿಂದಿನ ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದರು. ತಾನು ಮಾಡಿದ್ದು ಸರಿ ಎಂಬ ಬಗ್ಗೆ ಅಂದು ಅವರಿಗೆ ಎಳ್ಳಷ್ಟೂ ಸಂಶಯ ಇರಲಿಲ್ಲ.

ನವೆಂಬರಿನ ಒಂದು ಬೆಳಿಗ್ಗೆ ಹತ್ತು ಗಂಟೆಗೆ ಮಿಲ್ಲಿನವರು ಅವನನ್ನು ಬಾಗಿಲ ಹಲಗೆಯ ಮೇಲೆ ಹೊತ್ತು ತಂದರು. ಮೂಟೆ ಬೆನ್ನಿಗೇರಿಸುವಾಗ ಕುಸಿದನಂತೆ. ಬಲಗೈ ಬಲಗಾಲು ಬಿದ್ದುಹೋಗಿದ್ದವು, ಬಾಯಿ ಓರೆಯಾಗಿತ್ತು, ಮಾತು ನಿಂತಿತ್ತು. ರಕ್ತ ನೋಡಿ ಎಂದು ಡಾಕ್ಟರು ಹೇಳಿದಾಗ ರಾಜಮತಿಯಮ್ಮ ಬೆರಳು ಚುಚ್ಚಿದರು. ಕಪ್ಪಗಿನ ದಪ್ಪ ಹನಿ ಮೆಲ್ಲಗೆ ಹೊರಬಂತು. ಕೊಳವೆಗೆ ನೀರು ಬಿಟ್ಟರು, ಬಿಟ್ಟರು. ಇಪ್ಪತ್ತೆರಡರ ಗೆರೆ ದಾಟಿದ ಮೇಲೆ ಬಣ್ಣ ಸರಿಹೊಂದಿತು.

“ಇವನ ಹೆಸರು ಪಟ್ಟಿಯಲ್ಲಿತ್ತಲ್ಲ. ರಕ್ತ ತೆಗೆಯದೆ ಎಷ್ಟು ತಿಂಗಳಾಯಿತು?” ಎಂದು ಡಾಕ್ಟರು ಕೇಳಿದರು.

“ಐದು” ಎಂದ ರಾಜಮತಿಯಮ್ಮ, ಉಳಿದದ್ದನ್ನೂ ಮುಚ್ಚಿಡದೆ ಹೇಳಿದರು.

ಡಾಕ್ಟರು ಸ್ಟೂಲಿನ ಮೇಲೆ ಕುಳಿತುಬಿಟ್ಟರು. “ಆ ಇಂಜೆಕ್ಷನ್ ರಕ್ತವನ್ನು ಹೀಗೆ ಏರಿಸ್ತದೆ ರಾಜಮತಿಯವರೇ. ಏರಿದರೆ ಮದ್ದು ಒಂದೇ, ತೆಗೆದು ಚೆಲ್ಲುವುದು. ನಮಗೆ ಗೊತ್ತಿಲ್ಲದೆ ನಮ್ಮ ಪಟ್ಟಿಯೇ ಇವನನ್ನು ಇಷ್ಟು ದಿನ ಕಾಪಾಡಿತ್ತು ಕಾಣ್ತದೆ.” “ಮೊದಲ ಸೂಜಿ ಬರೆದುಕೊಟ್ಟದ್ದು ನಾನು” ಎಂದೂ ಸೇರಿಸಿದರು. ಇದರಿಂದಲೇ ಹೀಗಾಯಿತೆಂದು ಖಂಡಿತ ಹೇಳಲಾಗದು ಎಂಬ ಮಾತನ್ನೂ ಅವರು ಹೇಳಿದರು. ಆ ಮಾತಿನ ನೆರಳಿನಲ್ಲಿ ನಿಲ್ಲಲು ರಾಜಮತಿಯಮ್ಮ ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ಅಂದು ಡಾಕ್ಟರ ಅಪ್ಪಣೆಯಂತೆ ಅವರು ಮುಂಡಪ್ಪನ ಎಡಗೈಯಿಂದ ಒಂದು ಬಾಟಲಿ ರಕ್ತ ತೆಗೆದರು. ತೆಗೆದು, ತಮ್ಮ ಕೈಯಿಂದಲೇ ತೊಟ್ಟಿಗೆ ಚೆಲ್ಲಿದರು. ಜುಲೈಕಾ ಪಕ್ಕದಲ್ಲಿ ನಿಂತು ನೀರು ಹೊಯ್ದಳು. ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು ಅದು. ಜೀವ ಉಳಿಯಿತು, ಆದರೆ ಮೈಯೂ ಮಾತೂ ತಿರುಗಿ ಬರಲಿಲ್ಲ.

ಆಮೇಲಿನ ಐದು ವರ್ಷಗಳ ಅವರ ಸೇವೆಯನ್ನು ಹೊಗಳಲು ಬೇಕಾದಷ್ಟು ಉಂಟು. ರಕ್ತ ಕೊಡಲು ಬಂದವರನ್ನು ಯಾವ ಸೂಜಿ, ಯಾವ ಮಾತ್ರೆ, ತಲೆನೋವು ಉಂಟೇ ಎಂದು ಕೇಳದೆ ಅವರು ಮಲಗಿಸುತ್ತಿರಲಿಲ್ಲ. ಯಾರ ರಕ್ತ ಬೇಡವೆಂದು ಕಂಡಿತೋ ಅವರನ್ನು ಡಾಕ್ಟರು ನೋಡದೆ ಹಿಂದೆ ಕಳುಹಿಸುವಂತಿಲ್ಲ ಎಂಬ ನಿಯಮವನ್ನು ಅವರೇ ಬರೆದು, ಹಳೆಯ ಪಟ್ಟಿಯ ಮೇಲೆ ಅಂಟಿಸಿದರು. ಆ ನಿಯಮದಿಂದ ಉಳಿದವರು ಇದ್ದಾರೆ. ಆದರೆ ಅವರ ಹೆಸರುಗಳನ್ನು ಯಾರಾದರೂ ಸಮಾಧಾನಕ್ಕೆಂದು ಎತ್ತಿದರೆ ಅಮ್ಮ ಎದ್ದು ಕೊಳವೆ ತೊಳೆಯಲು ಹೋಗಿಬಿಡುತ್ತಿದ್ದರು. ಲೆಕ್ಕ ಹಾಕಿ ಸರಿದೂಗಿಸುವ ದುಃಖ ಅದಲ್ಲ.

ಪ್ರತಿ ಆದಿತ್ಯವಾರ ಅವರು ಪುಂಜಾಲಕಟ್ಟೆಯ ಬಸ್ಸು ಹತ್ತುತ್ತಾರೆ. ಸೇಸಮ್ಮನ ಮನೆಯ ಚಾವಡಿಯಲ್ಲಿ ಚಾಪೆಯ ಮೇಲಿರುವ ಮುಂಡಪ್ಪ ಅವರನ್ನು ಕಂಡ ಕೂಡಲೇ ಎಡಗೈಯನ್ನು ಮುಂದಕ್ಕೆ ಚಾಚುತ್ತಾನೆ. ಅವನಿಗೆ ಉಳಿದಿರುವ ಮಾತು ಅದೊಂದೇ. ತೆಗೆಯಲು ಅಲ್ಲಿ ಏನೂ ಇಲ್ಲ. ಸೂಜಿ ನಿಂತ ಮೇಲೆ ರಕ್ತ ಇಳಿಯುತ್ತಾ ಬಂತು, ಊರಿನ ಕೊಕ್ಕೆಹುಳು ಅವನನ್ನೂ ಬಿಡಲಿಲ್ಲ. ಮದ್ದು ಕೊಟ್ಟಷ್ಟು ಸಲವೂ ಮತ್ತೆ ಬಂತು. ಆದರೂ ಆ ಕೈಯನ್ನು ಎರಡನೆಯ ಸಲ ಹಿಂದೆ ಸರಿಸುವ ಧೈರ್ಯ ಅಮ್ಮನಿಗಿಲ್ಲ. ಬೆರಳ ತುದಿಯನ್ನು ಚುಚ್ಚಿ ಒಂದು ಹನಿ ತೆಗೆದುಕೊಳ್ಳುತ್ತಾರೆ, ಅವನು ಕಣ್ಣು ಮುಚ್ಚಿಕೊಳ್ಳುತ್ತಾನೆ. ಕಳೆದ ತಿಂಗಳು ಕೊಳವೆ ಆರೂವರೆ ತೋರಿಸಿತು.

ಸೇಸಮ್ಮ ಅಂದು ಕೇಳಿದರು: “ಆಗ ಹೆಚ್ಚಾಯಿತು ಹೇಳಿದಿರಿ, ಈಗ ಕಡಿಮೆ ಹೇಳ್ತೀರಿ. ನನ್ನ ಮಗನ ರಕ್ತ ಯಾವಾಗಲಾದರೂ ಸರಿ ಇತ್ತಾ ಅಮ್ಮ?”

“ಐವತ್ತೇಳರಲ್ಲಿ ಸರಿ ಇತ್ತು” ಎಂದರು ರಾಜಮತಿಯಮ್ಮ.

ಇಂಥ ಲೇಖನವನ್ನು ಶತಾಯುಷ್ಯದ ಹಾರೈಕೆಯಿಂದ ಮುಗಿಸುವುದು ವಾಡಿಕೆ. ಕರಡನ್ನು ಓದಿಸಿದಾಗ ಅಮ್ಮ ಆ ಸಾಲಿನ ಬಳಿ ಕೈ ಅಡ್ಡ ಹಿಡಿದರು. “ನೂರು ವರ್ಷ ಬೇಡ. ಅವನಿಗಿಂತ ಒಂದು ದಿನ ಹೆಚ್ಚು ಇದ್ದರೆ ಸಾಕು. ಅವನು ಕೈ ಚಾಚುವಾಗ ಎದುರು ಯಾರೂ ಇಲ್ಲ ಆಗಬಾರದು” ಎಂದರು. ಅವರ ಆರೋಗ್ಯ ಗಟ್ಟಿಯಾಗಿರಲಿ, ಆದಿತ್ಯವಾರದ ಬಸ್ಸು ತಪ್ಪದಿರಲಿ, ಅವರು ಕೇಳಿದ ಆ ಒಂದು ದಿನ ಅವರಿಗೆ ಸಿಗಲಿ ಎಂದು ನಾವೆಲ್ಲರೂ ಹಾರೈಸುತ್ತೇವೆ.