ಹೊಳೆಯದು ಕೊನೆಗೆ

ನಮ್ಮ ಕಾಕಾ ಜಗನ್ನಾಥನಿಗೆ ಅಕ್ಷರದ ಸೊಕ್ಕು. ಮಾನ್ವಿಯಲ್ಲಿ ಹುಟ್ಟಿ ರಾಯಚೂರಿನಲ್ಲಿ ಓದಿದವನು. ಕನ್ನಡ, ಉರ್ದು ಎರಡನ್ನೂ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದ. ಆ ಸೊಕ್ಕೇ ಒಬ್ಬನ ಜೀವ ತಿಂದಿತು. ತೀರಿಹೋದ ಕಾಕಾನ ಮೇಲೆ ಹೆಣ್ಣಾದವಳಿಗೆ ಇಷ್ಟು ಬಾಯಿ ಬೇಡ ಎಂದು ಮನೆಯವರು ಗದರುತ್ತಾರೆ. ಗದರಲಿ.

೧೯೪೫ರ ಬೇಸಿಗೆಯಲ್ಲಿ ಮುಂಬಯಿಯ ಸಿನಿಮಾ ಕಂಪನಿಯೊಂದು ರಾಯಚೂರಿಗೆ ಬಂತು. ಯಾವ ದೃಶ್ಯವನ್ನು ಯಾವ ದಿನ, ಎಲ್ಲಿ ತೆಗೆಯಬೇಕೆಂಬ ಪಟ್ಟಿ ಬರೆಯಲು ಕಾಕಾ ಸೇರಿಕೊಂಡ. ಕಥೆ ಹೇಗೇ ಇರಲಿ, ಕೋಟೆಯವೆಲ್ಲ ಒಟ್ಟಿಗೆ, ಹೊಳೆಯವೆಲ್ಲ ಒಟ್ಟಿಗೆ. ಇನ್ನೊಂದು ರೂಢಿಯನ್ನು ಕ್ಯಾಮೆರಾದವನು ಹೇಳಿಕೊಟ್ಟ: ಜೀವಕ್ಕೆ ಅಪಾಯವಿರುವುದನ್ನು ಕೊನೆಗೆ ಹಾಕು, ಏನಾದರೂ ಆದರೆ ಉಳಿದ ಕೆಲಸ ನಿಲ್ಲುವುದಿಲ್ಲ. ಎಂಥ ರೂಢಿ ನೋಡಿ. ಕಾಕಾ ಹಾಗೆಯೇ ಬರೆದ.

ಒಟ್ಟು ನಲವತ್ತೆರಡು ದೃಶ್ಯ. ಕೊನೆಯದು ದೇವದುರ್ಗದ ಹತ್ತಿರ ಕೃಷ್ಣೆಯಲ್ಲಿ ಹರಿಗೋಲು ಮಗುಚಿ ರಾಜಕುಮಾರ ನೀರಿಗೆ ಬೀಳುವುದು. ನಾಯಕನಿಗೆ ಈಜು ಬಾರದು. ಅವನ ಜರಿ ಅಂಗಿ, ತಗಡಿನ ಕವಚ ತೊಟ್ಟು ಬೀಳಬೇಕಾದವನು ಅಲ್ಲಿಯ ಅಂಬಿಗ ಬೂದೆಪ್ಪ.

ಪಟ್ಟಿಯ ಸುದ್ದಿ ಕೇಳಿ ಬೂದೆಪ್ಪ ಲಾರಿ ಹತ್ತಿ ಕಾಕಾನನ್ನು ಹುಡುಕಿಕೊಂಡು ರಾಯಚೂರಿಗೇ ಬಂದ.

"ಆಚಾರ್ರೇ, ಹೊಳಿ ಕೆಲಸ ಮೊದಲು ಬರಕೊಳ್ರಿ. ಬ್ಯಾಸಗಿ ಮುಗದು ಮಿರಗದ ಮಳಿ ಹಿಡದ್ರ ಮ್ಯಾಲಿನ ನೀರು ಬರ್ತದ. ಆ ನೀರಾಗ ಕವಚ ಹಾಕ್ಕೊಂಡು ಏಳಾಕ ಆಗಂಗಿಲ್ಲ."

ಮೂರು ಪ್ರತಿ ಚೊಕ್ಕಟವಾಗಿ ಬರೆದಿಟ್ಟಿದ್ದ ಕಾಕಾನಿಗೆ ಅದರ ಮೇಲೆ ಒಂದು ಗೀಟು ಎಳೆಯಲೂ ಮನಸ್ಸಾಗಲಿಲ್ಲ. ಡೈರೆಕ್ಟರ್ ಸಾಹೇಬರ ಬಿಡಾರ ಅಂಗಳದ ಆಚೆಗೇ ಇತ್ತು. ಹೋಗಿ ಒಂದು ಮಾತು ಕೇಳಲಿಲ್ಲ.

"ಮ್ಯಾಲಿನವರ ಹುಕುಂ ಅದಪ್ಪಾ, ನನ್ನ ಕೈಯಾಗ ಏನಿಲ್ಲ," ಎಂದುಬಿಟ್ಟ.

ಹುಕುಂ ಎಂದ ಮೇಲೆ ಮುಗಿಯಿತಲ್ಲ, ನಿಜಾಮರ ಕಾಲ. ಬೂದೆಪ್ಪ ನಂಬಿ ಊರಿಗೆ ಮರಳಿದ.

ಅವನ ಸರದಿ ಬರುವಷ್ಟರಲ್ಲಿ ಹೊಳೆ ಕೆಂಪಗೆ ತುಂಬಿತ್ತು. ಹರಿಗೋಲು ಮಗುಚಿತು. ಬೂದೆಪ್ಪನ ಕೈ ಎರಡು ಸಲ ಮೇಲೆ ಬಂತು. ನಟನೆ ಎಂದುಕೊಂಡು ಕ್ಯಾಮೆರಾದವನು ತೆಗೆಯುತ್ತಲೇ ಇದ್ದ. ಹೆಣ ಸಿಕ್ಕಿದ್ದು ಮೂರನೆಯ ದಿನ.

ಮಣ್ಣು ಮಾಡಿದ ಮರುದಿನ ಅವನ ಹೆಂಡತಿ ಹುಲಗೆಮ್ಮ ಬಿಡಾರಕ್ಕೆ ಬಂದಳು. ಅಳಲಿಲ್ಲ, ಏನನ್ನೂ ಬೇಡಲಿಲ್ಲ. ಡೈರೆಕ್ಟರ್ ಸಾಹೇಬರಿಗೆ ಕನ್ನಡ ಬಾರದು, ಅವಳಿಗೆ ಹಿಂದುಸ್ತಾನಿ ತಿಳಿಯದು. ನಡುವೆ ನಿಂತವನು ಕಾಕಾ.

"ನೀರು ಬರೂದರಾಗ ಮಾಡ್ರಿ ಅಂತ ನನ್ನ ಗಂಡ ಹೇಳಾಕ ಬಂದಿದ್ದ. ಯಾಕ ಬ್ಯಾಡ ಅಂದ್ರು? ಅದೊಂದು ಕೇಳ್ರಿ ಸಾಹೇಬರಿಗೆ."

ಕಾಕಾ ಅದನ್ನು ಹಾಗೆಯೇ ಹಿಂದುಸ್ತಾನಿಯಲ್ಲಿ ಹೇಳಿದ. ಬೇರೇನೂ ತೋಚಲಿಲ್ಲವಂತೆ. ಸಾಹೇಬರ ಮುಖ ಬಿಳಿಚಿತು. ಇದನ್ನು ನನಗೆ ಯಾರೂ ತಿಳಿಸಲೇ ಇಲ್ಲ, ತಿಳಿಸಿದ್ದರೆ ಮೊದಲ ದಿನವೇ ತೆಗೆಯುತ್ತಿದ್ದೆ ಎಂದರು. ಹುಲಗೆಮ್ಮ ಕಾಕಾನ ಬಾಯಿಯನ್ನೇ ನೋಡುತ್ತಿದ್ದಳು.

"ಹಣೇಬರಾ ಅಂತಾರವ್ವಾ ಸಾಹೇಬರು," ಎಂದ ಕಾಕಾ.

ಸಾಯುವ ವರ್ಷ ಇದನ್ನು ಅವನೇ ನನಗೆ ಹೇಳಿದ. ನನಗೆ ಮೈಯೆಲ್ಲ ಉರಿಯಿತು. ಆಕೆ ಏನಂದಳು ಎಂದು ಕೇಳಿದೆ.

ನಮ್ಮಿಬ್ಬರಿಗೂ ಕೈಮುಗಿದು ಹೋದಳು ಎಂದ.