ಟೈಪಕ್ಕ ಓದಿ ಹೇಳಿದ ಅಧ್ಯಾಯ

ನ್ಯಾಯಾಲಯದ ಎದುರಿನ ಓಣಿಯಲ್ಲಿ ಅರ್ಜಿ ಟೈಪ್ ಮಾಡಿಕೊಡುತ್ತಿದ್ದ ಹೆಂಗಸನ್ನು ಎಲ್ಲರೂ ಟೈಪಕ್ಕ ಅಂತಲೇ ಕರೆಯುತ್ತಿದ್ದರು. ಮೂವತ್ತು ವರ್ಷದ ಹಿಂದೆ ಒಬ್ಬ ಸಣಕಲು ಮೇಷ್ಟ್ರು ಒಂದು ಕಟ್ಟು ಕಾಗದ ತಂದು ಅವಳ ಮುಂದಿಟ್ಟರು. ಬಾಹ್ಯಾಕಾಶದ ಕಾದಂಬರಿಯಂತೆ. ಅಕ್ಷರ ನೋಡಿದರೆ ಕಾಗೆಕಾಲು ಗುಬ್ಬಿಕಾಲು. ಮೂರು ಕಡೆ ಆಗೋದಿಲ್ಲ ಅಂದಿದ್ದರಂತೆ. ಹಣೆಬರಹ ಓದುವುದಕ್ಕಿಂತ ಇದೇ ವಾಸಿ ಅಂತ ಅವಳು ಒಪ್ಪಿಕೊಂಡಳು.

ಅಲ್ಲಿಂದ ಇಪ್ಪತ್ತೆರಡು ಕಾದಂಬರಿಗಳು ಅವಳ ಕೈಯಿಂದಲೇ ಅಚ್ಚಿಗೆ ಹೋದವು. ಟೈಪ್ ಮಾಡುತ್ತಾ ಅವಳು ಸುಮ್ಮನಿರುವವಳಲ್ಲ. ಚಂದ್ರನ ಮೇಲೆ ಊರು ಕಟ್ಟಿದ ಜನ ಒಗೆದ ಬಟ್ಟೆ ಎಲ್ಲಿ ಒಣಗಿಸುತ್ತಾರೆ ಅಂತ ಒಮ್ಮೆ ಕೇಳಿಬಿಟ್ಟಳು. ಮೇಷ್ಟ್ರು ಎದ್ದು ಹೋದರು. ಮರುದಿನ ಎರಡು ಹಾಳೆ ಹೆಚ್ಚಿಗೆ ತಂದರು. ಬಟ್ಟೆ ಒಣಗಿಸುವ ಕೋಣೆಯ ಆ ಎರಡು ಹಾಳೆಯನ್ನು ಓದುಗರು ಬಾಯಿಪಾಠ ಮಾಡಿಕೊಂಡರು.

ಮೇಷ್ಟ್ರು ತೀರಿಕೊಂಡಾಗ ಸಭೆಯಲ್ಲಿ ದೊಡ್ಡ ದೊಡ್ಡವರು ಮಾತಾಡಿದರು. ಟೈಪಕ್ಕ ಹಿಂದಿನ ಸಾಲಿನಲ್ಲಿ ಕೂತು, ಅವರು ಪುಸ್ತಕದ ಹೆಸರು ತಪ್ಪಿದಾಗೆಲ್ಲ ಮನಸ್ಸಿನಲ್ಲೇ ತಿದ್ದಿದಳು.

ವಾರ ಕಳೆದ ಮೇಲೆ ಒಂದು ಭಾನುವಾರ ಮೇಷ್ಟ್ರ ಅಕ್ಕ ಅವಳನ್ನು ಮನೆಗೆ ಕರೆಸಿಕೊಂಡರು. ತಬ್ಬಲಿ ತಮ್ಮನನ್ನು ಸಾಕಿ ಬೆಳೆಸಿದವರು, ಎಂಬತ್ತು ದಾಟಿತ್ತು. ಮೇಜಿನ ಖಾನೆಯಲ್ಲಿ ಸಿಕ್ಕ ಹಾಳೆಗಳು ಯಾರಿಗೂ ಓದಲು ಬರುತ್ತಿಲ್ಲ, ಏನು ಅಂತ ನೋಡು ಅಂದರು. ಒಂಬತ್ತೇ ಹಾಳೆ. ಮೊದಲ ಕಾದಂಬರಿಯ ಮುಂದಿನ ಕತೆ, ಅರ್ಧಕ್ಕೇ ನಿಂತಿದೆ ಅಂದಳು ಟೈಪಕ್ಕ.

ಮೊದಲನೆಯದರ ಹೆಸರೆತ್ತಿದ್ದೇ ತಡ, ಅಕ್ಕನ ಮುಖ ಬಿಗಿಯಿತು.

"ನೌಕೇಲಿ ಹೋದ ಅಕ್ಕನ್ನ ಅದರಲ್ಲಿ ಸಾಯಿಸಿಬಿಟ್ಟ. ಅವಳ ನಡಿಗೆ, ಬೈಗುಳ ಎಲ್ಲ ನಂದೇ. ಸಾಕಿದ್ದಕ್ಕೆ ಒಳ್ಳೇ ಬಹುಮಾನ ಅಂತ ಆರನೇ ಅಧ್ಯಾಯಕ್ಕೇ ಮುಚ್ಚಿಟ್ಟೆ. ಆಮೇಲೆ ಅವನು ಬರೆದದ್ದು ಒಂದೂ ಮುಟ್ಟಲಿಲ್ಲ."

ಟೈಪಕ್ಕ ಕೈಯಲ್ಲಿದ್ದ ಹಾಳೆ ಕೆಳಗಿಟ್ಟಳು. "ಅವಳು ಸತ್ತಿಲ್ಲಮ್ಮಾ. ಹನ್ನೊಂದನೇ ಅಧ್ಯಾಯದಲ್ಲಿ ಬಂದು ಬಾಗಿಲು ತಟ್ಟುತ್ತಾಳೆ."

ಅಕ್ಕ ಕಿಟಕಿ ಕಡೆ ತಿರುಗಿದರು. ಪೂರ್ತಿ ಓದಕ್ಕ, ಪೂರ್ತಿ ಓದು ಅಂತ ತಮ್ಮ ಎಷ್ಟು ಸಲ ಬೇಡಿಕೊಂಡಿದ್ದನೋ. ಅವನು ಬಾಯಿ ತೆಗೆದರೆ ಸಾಕು, ಇವರು ಎದ್ದು ಒಳಗೆ ಹೋಗುತ್ತಿದ್ದರು.

"ಬದುಕಿದಾಳೆ ಅಂತ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ದರೆ ನೀವು ಕೇಳ್ತಿದ್ರಾ?"

"ಇಲ್ಲ," ಅಂದರು ಅಕ್ಕ. ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು.

ಟೈಪಕ್ಕ ಗಾಜಿನ ಬೀರುವಿನಿಂದ ಆ ಪುಸ್ತಕ ತೆಗೆದು, ಧೂಳು ಒರೆಸಿ, ಆ ಅಧ್ಯಾಯ ಗಟ್ಟಿಯಾಗಿ ಓದಿದಳು. ಕತೆಯ ಅಕ್ಕ ಹೊಸ್ತಿಲು ದಾಟಿದವಳೇ ತಮ್ಮ ಸೊರಗಿದ್ದಕ್ಕೆ ಬೈಯಲು ಶುರುಮಾಡುತ್ತಾಳೆ. ಗ್ರಹ ದಾಟಿ ಬಂದ ಸುದ್ದಿ ಆಮೇಲೆ. ಕೇಳುತ್ತಿದ್ದ ಅಕ್ಕ ಅಂಗೈಯಲ್ಲಿ ಕಣ್ಣೊರೆಸಿಕೊಂಡು, "ಹೌದು, ಹಾಗೇ ಬೈತಿದ್ದೆ," ಅಂದರು.

ಮುಂದಿನ ಭಾನುವಾರವೂ ಬರಬೇಕು ಅಂತಾಯಿತು. ಟೈಪಕ್ಕ ಖಾನೆಯ ಆ ಒಂಬತ್ತು ಹಾಳೆಗಳನ್ನು ಕೈಗೆತ್ತಿಕೊಂಡಾಗ ಅಕ್ಕ ತಡೆದರು.

"ಅದು ಕಡೆಗಿರಲಿ. ಮೊದಲು ಅವನು ಬರೆದದ್ದೆಲ್ಲ ಸಾಲಾಗಿ ಓದಿ ಆಗಲಿ."